ಸೂಜಿ ಕಡ್ಡಾಯವಾದರೆ ಆ ದಿನದ ಪಗಾರವೂ ಕಡ್ಡಾಯವಾಗಲಿ

ಮುಂಬಯಿಯ ಮುಲುಂಡಿನ ನಮ್ಮ ಸೊಸೈಟಿಯಲ್ಲಿ ವಯಸ್ಸಾದವರ ಮನೆಗಳೇ ಹೆಚ್ಚು. ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಕಡಲಾಚೆಯೋ ಇರುತ್ತಾರೆ. ಮನೆಯಲ್ಲಿ ಎಂಬತ್ತರ ಆಸುಪಾಸಿನ ತಂದೆ ತಾಯಿ, ಅವರನ್ನು ನೋಡಿಕೊಳ್ಳಲು ಬೆಳಿಗ್ಗೆ ಎಂಟಕ್ಕೆ ಬಂದು ರಾತ್ರಿ ಎಂಟಕ್ಕೆ ಹೋಗುವ ಒಬ್ಬ ಮಾವಶಿ, ಅಂದರೆ ಆರೈಕೆಯ ಹೆಂಗಸು. ಈ ಸಲ ಮಳೆಗಾಲಕ್ಕೆ ಮೊದಲು ನಡೆದ ಸಭೆಯಲ್ಲಿ ಒಂದು ಸೂಚನೆ ಬಂತು. ಹಿರಿಯರ ಆರೈಕೆಗೆ ಹೊರಗಿನಿಂದ ಬರುವವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಂಡ ಚೀಟಿ ತೋರಿಸಬೇಕು, ಚೀಟಿ ಇಲ್ಲದವರನ್ನು ಕಾವಲುಗಾರ ಗೇಟಿನಲ್ಲೇ ತಡೆಯಬೇಕು. ಹೆಚ್ಚಿನವರು ಕೈ ಎತ್ತಿದರು. ನಾನು ಎತ್ತಲಿಲ್ಲ. ಸಂಜೆಯ ಹೊತ್ತಿಗೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ನಾನು ಲಸಿಕೆಯ ವಿರೋಧಿ ಎಂದಾಗಿಬಿಟ್ಟಿತ್ತು. ಅಲ್ಲಿ ನಾಲ್ಕು ಸಾಲಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹಾಸಿಗೆ ಹಿಡಿದವರ ಮೈ ಮುಟ್ಟಿ ಕೆಲಸ ಮಾಡುವವರು ಲಸಿಕೆ ಹಾಕಿಸಿಕೊಂಡಿರಲೇಬೇಕು. ಈ ಕೆಲಸಕ್ಕೆ ಅದೊಂದು ಷರತ್ತಾಗಿರುವುದು ನ್ಯಾಯವೇ. ಆದರೆ ಷರತ್ತನ್ನು ಪಾಲಿಸುವ ಹೊಣೆ ಮೊದಲು ಕೆಲಸಕ್ಕೆ ಕರೆದವರದ್ದು, ಅಂದರೆ ಮನೆಯವರದ್ದು ಮತ್ತು ಆರೈಕೆಯವರನ್ನು ಮನೆಗಳಿಗೆ ಕಳಿಸಿಕೊಡುವ ಬ್ಯೂರೋದವರದ್ದು. ಲಸಿಕೆಯ ಹಣ, ಹಾಕಿಸಿಕೊಳ್ಳಲು ಹೋದ ದಿನದ ಪಗಾರ, ಮರುದಿನ ಜ್ವರ ಬಂದರೆ ಆ ದಿನದ ಪಗಾರ, ಇಷ್ಟನ್ನು ಕೊಡಲು ಮನಸ್ಸಿಲ್ಲದವರಿಗೆ ಗೇಟು ಹಾಕುವ ಹಕ್ಕಿಲ್ಲ.

ಲಸಿಕೆ ಏಕೆ ಬೇಕು ಎನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ನಮ್ಮ ಅತ್ತೆಯವರಿಗೆ ಪಾರ್ಶ್ವವಾಯು ಆದ ಮೇಲೆ ನುಂಗುವುದು ಕಷ್ಟವಾಗಿದೆ. ಗಂಜಿಯನ್ನು ಚಮಚದ ತುದಿಯಲ್ಲಿ ಇಷ್ಟಿಷ್ಟೇ ಕೊಡಬೇಕು, ಗಂಟಲು ಏರಿ ಇಳಿಯುವುದನ್ನು ಕಣ್ಣಾರೆ ನೋಡಿ ಮುಂದಿನ ಚಮಚ ಎತ್ತಬೇಕು. ಹಾಗೆ ನೋಡಬೇಕೆಂದರೆ ಮುಖಕ್ಕೆ ಮುಖ ಗೇಣಿನಷ್ಟು ಹತ್ತಿರ ಇರಬೇಕು. ನಮ್ಮ ಮನೆಗೆ ಬರುವ ಮಾವಶಿ ಅಫಜಲಪುರದ ಕಡೆಯವರು, ದಿವಾದಲ್ಲಿ ಇದ್ದಾರೆ. ಅವರು ಎಡಗೈಯನ್ನು ಅತ್ತೆಯವರ ಕತ್ತಿನ ಹಿಂದೆ ಕೊಟ್ಟು, ಗಲ್ಲವನ್ನು ಸ್ವಲ್ಪ ಕೆಳಗೆ ಬಾಗಿಸಿ, "ಆಯಿ, ನುಂಗಿ, ಇನ್ನೊಂದು ಸಲ ನುಂಗಿ" ಎನ್ನುತ್ತಾ ಕೂರುತ್ತಾರೆ. ಒಂದು ಬಟ್ಟಲು ಮುಗಿಯಲು ಮುಕ್ಕಾಲು ಗಂಟೆ ಬೇಕು. ಅತ್ತೆಯವರು ಕೆಮ್ಮಿದರೆ ಅದು ಇವರ ಮುಖದ ಮೇಲೆ, ಇವರು ಸೀನಿದರೆ ಅವರ ಮುಖದ ಮೇಲೆ. ಒಬ್ಬರಿಗಿದ್ದ ಸೋಂಕು ಇನ್ನೊಬ್ಬರಿಗೆ ದಾಟಲು ಇದಕ್ಕಿಂತ ನೇರವಾದ ದಾರಿ ಇಲ್ಲ.

ಅದೂ ಅಲ್ಲದೆ ಫ್ಲೂ ಲಸಿಕೆ ಎಳೆಯರಲ್ಲಿ ಕೆಲಸ ಮಾಡುವಷ್ಟು ಚೆನ್ನಾಗಿ ತೀರ ವಯಸ್ಸಾದವರಲ್ಲಿ ಮಾಡುವುದಿಲ್ಲ. ಆದ್ದರಿಂದಲೇ ಸುತ್ತ ಇರುವವರಿಗೆ ಹಾಕಿಸಿ ಹಿರಿಯರನ್ನು ಕಾಯುವ ಯೋಚನೆ ಬಂದದ್ದು. 1990ರ ದಶಕದಲ್ಲಿ ಗ್ಲಾಸ್ಗೋದ ವೃದ್ಧರ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಸಿಬ್ಬಂದಿಗೆ ಲಸಿಕೆ ಕೊಟ್ಟ ಆಸ್ಪತ್ರೆಗಳಲ್ಲಿ ಆ ಚಳಿಗಾಲ ನೂರಕ್ಕೆ 10 ಜನ ಹಿರಿಯರು ತೀರಿಕೊಂಡರೆ, ಕೊಡದ ಕಡೆ 17 ಜನ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿದ ಕಾಕ್ರೇನ್ ಸಂಸ್ಥೆಯವರು ಮಾತ್ರ, ಇವುಗಳ ಗುಣಮಟ್ಟ ಸಾಲದು, ಖಚಿತವಾಗಿ ಏನನ್ನೂ ಹೇಳಲಾಗದು ಎಂದರು. ನನ್ನ ಲೆಕ್ಕ ಇಷ್ಟು: ಅಪಾಯ ತೀರ ಕಡಿಮೆ, ಲಾಭದ ಸಾಧ್ಯತೆ ಇದೆ, ಆದ್ದರಿಂದ ನಮ್ಮ ಖರ್ಚಿನಲ್ಲಿ ಪ್ರತಿ ವರ್ಷ ಹಾಕಿಸೋಣ. ಆದರೆ ಒಂದು ಕುಟುಂಬದ ಅನ್ನ ಕಿತ್ತುಕೊಳ್ಳುವಷ್ಟು ಗಟ್ಟಿ ಪುರಾವೆ ಅದಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಈ ಸೂಜಿಗೆ ಸಾವಿರ ರೂಪಾಯಿಗೂ ಮೇಲಾಗುತ್ತದೆ. ಬ್ಯೂರೋದ ಕಮಿಷನ್ ಕಳೆದು ಮಾವಶಿಯ ಕೈಗೆ ಬರುವ ಎರಡು ದಿನದ ಕೂಲಿ ಅದು. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಮತ್ತೆ ಮುಂದಿನ ವರ್ಷವೂ ಕೊಡಬೇಕು.

ಇನ್ನೊಂದು ವಿಷಯದ ಬಗ್ಗೆ ಸಭೆಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನನಗೆ ಹೆಚ್ಚು ಸಂಕಟ ಆಗುವುದು ಅದರಿಂದಲೇ. ಸೋಂಕು ಮಾವಶಿಯಿಂದ ನಮಗೆ ಬರುತ್ತದೆ ಎಂದು ಎಲ್ಲರೂ ಹೆದರುತ್ತಾರೆ. ನಮ್ಮಿಂದ ಮಾವಶಿಗೆ ಹೋಗುವ ಸೋಂಕಿನ ಲೆಕ್ಕ ಇಡುವವರು ಯಾರು?

ಡೊಂಬಿವಿಲಿಯಲ್ಲಿ ನಮ್ಮ ನೆಂಟರೊಬ್ಬರಿಗೆ ಸಕ್ಕರೆ ಕಾಯಿಲೆ. ಒಂದು ಸಂಜೆ ನಾನು ಅಲ್ಲಿದ್ದಾಗ ಅವರನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಇನ್ಸುಲಿನ್ ಕೊಟ್ಟು, ಸಿರಿಂಜಿಗೆ ಮತ್ತೆ ಮುಚ್ಚಳ ತೊಡಿಸುವಾಗ ಸೂಜಿ ಹೆಬ್ಬೆರಳಿಗೆ ಚುಚ್ಚಿತು. ಅವರು ನಲ್ಲಿಯ ಕೆಳಗೆ ಬೆರಳು ತೊಳೆದು, ಸೆರಗಿನ ತುದಿಯಿಂದ ಒತ್ತಿ ಹಿಡಿದು, ಮತ್ತೆ ಬಂದು ಚಾದರ ಸರಿಮಾಡಿದರು. ಮೇಜಿನ ಮೇಲಿದ್ದ ಆಸ್ಪತ್ರೆಯ ಕಡತವನ್ನು ತೆಗೆದು ನೋಡಿದೆ. ಮೊದಲ ಪುಟದಲ್ಲೇ ರಕ್ತಪರೀಕ್ಷೆಯ ವರದಿ, ಹೆಪಟೈಟಿಸ್ ಬಿ ಪಾಸಿಟಿವ್, ಅಂದರೆ ರಕ್ತದ ಮೂಲಕ ಹರಡುವ ಯಕೃತ್ತಿನ ಸೋಂಕು. ಮನೆಯವರಿಗೆ ಗೊತ್ತಿತ್ತು. "ಹೇಳಿದರೆ ಯಾರೂ ಕೆಲಸಕ್ಕೆ ಬರುವುದಿಲ್ಲ ಅಕ್ಕಾ" ಎಂದರು. ಬ್ಯೂರೋಗೆ ಫೋನ್ ಮಾಡಿದರೆ, ಇದು ಆ ಹೆಂಗಸಿಗೂ ಮನೆಯವರಿಗೂ ಬಿಟ್ಟದ್ದು ಎಂದು ಕೈ ತೊಳೆದುಕೊಂಡರು.

ವೈದ್ಯರು ಹೇಳುವ ಲೆಕ್ಕ ಕೇಳಿ. ಎಚ್‌ಐವಿ ಇರುವವರ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರಾಗಿ ಸಾವಿರಕ್ಕೆ ಮೂರು. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ 30ರವರೆಗೂ ಹೋಗಬಹುದು. ಮೊದಲೇ ಮೂರು ಡೋಸ್ ಹಾಕಿಸಿಕೊಂಡು ರಕ್ತದಲ್ಲಿ ಸಾಕಷ್ಟು ರಕ್ಷಣೆ ಬೆಳೆದವರಿಗೆ ಆ ಹೊತ್ತಿನಲ್ಲಿ ಬೇರೆ ಔಷಧವೇ ಬೇಡ. ಇಲ್ಲದವರು ಸಾಧ್ಯವಾದರೆ 24 ಗಂಟೆಯೊಳಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಸಾವಿರಗಟ್ಟಲೆ ರೂಪಾಯಿಯ ಚುಚ್ಚುಮದ್ದನ್ನೂ ಜೊತೆಗೆ ಲಸಿಕೆಯನ್ನೂ ತೆಗೆದುಕೊಳ್ಳಬೇಕು. ಆ ರಾತ್ರಿ ಮನೆಯವರೊಂದಿಗೆ ಜಗಳವಾಡಿಯೇ ನಾನು ಆಕೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಕೊನೆಗೆ ಹಣ ಅವರೇ ಕೊಟ್ಟರು, ಅದನ್ನೂ ಹೇಳಬೇಕು.

ಹೆಪಟೈಟಿಸ್ ಬಿ ಲಸಿಕೆ ನಮ್ಮ ದೇಶದ ಮಕ್ಕಳ ಲಸಿಕೆ ಪಟ್ಟಿಗೆ ಎಲ್ಲ ರಾಜ್ಯಗಳಲ್ಲೂ ಸೇರಿದ್ದು 2011ರ ಹೊತ್ತಿಗೆ. ಇಂದು ಆರೈಕೆಯ ಕೆಲಸಕ್ಕೆ ಬರುವ ಮೂವತ್ತು, ನಲವತ್ತು, ಐವತ್ತು ವಯಸ್ಸಿನ ಹೆಂಗಸರಲ್ಲಿ ಯಾರಿಗೂ ಅದು ಚಿಕ್ಕಂದಿನಲ್ಲಿ ಸಿಕ್ಕಿರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಆಸ್ಪತ್ರೆಯ ನರ್ಸ್ ಆಗಿದ್ದರೆ ಆರೋಗ್ಯ ಕಾರ್ಯಕರ್ತೆ ಎಂದು ಕೊಡುತ್ತಾರೆ. ಅದೇ ಸೂಜಿ, ಅದೇ ರಕ್ತ, ಅದೇ ಡೈಪರ್ ಮುಟ್ಟುವವರು ಮನೆಯೊಳಗೆ ಬಂದ ಕೂಡಲೇ ಬರೀ ಮನೆಗೆಲಸದವರು ಆಗಿಬಿಡುತ್ತಾರೆ. ಕಡ್ಡಾಯ ಮಾಡಲೇಬೇಕಾದ ಒಂದು ಲಸಿಕೆ ಇದ್ದರೆ ಅದು ಇದು. ಅದನ್ನು ಕಡ್ಡಾಯ ಮಾಡಬೇಕಾದದ್ದು ಬ್ಯೂರೋದವರ ಮೇಲೆ: ಲಸಿಕೆ ಹಾಕಿಸದೆ ಯಾರನ್ನೂ ರೋಗಿಯ ಮನೆಗೆ ಕಳಿಸಕೂಡದು.

ಕೋವಿಡ್ ಕಾಲದಲ್ಲಿ ಇದೇ ಅಸಡ್ಡೆಯನ್ನು ನಾವು ಇನ್ನೂ ದೊಡ್ಡದಾಗಿ ಕಂಡೆವು. 2021ರ ಜನವರಿ 16ರಂದು ಆಸ್ಪತ್ರೆ ಸಿಬ್ಬಂದಿಗೆ ಲಸಿಕೆ ಆರಂಭವಾಯಿತು. ಪಟ್ಟಿ ಕೊಟ್ಟದ್ದು ಆಸ್ಪತ್ರೆಗಳು, ಮನೆಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರ ಹೆಸರು ಯಾವ ಪಟ್ಟಿಯಲ್ಲಿ ಬರಬೇಕಿತ್ತು? ಮೇ ತಿಂಗಳಲ್ಲಿ 18ರಿಂದ 44 ವಯಸ್ಸಿನವರಿಗೆ ಬಾಗಿಲು ತೆರೆಯಿತು, ದಾಸ್ತಾನು ಇಲ್ಲವೆಂದು ಕೆಲವೇ ದಿನಗಳಲ್ಲಿ ಮಹಾರಾಷ್ಟ್ರದಲ್ಲಿ ಮುಚ್ಚಿತು. ಅಷ್ಟರಲ್ಲಿ ಕೋವಿಶೀಲ್ಡಿನ ಎರಡು ಡೋಸ್‌ಗಳ ನಡುವಿನ ಅಂತರ 84 ದಿನಕ್ಕೆ ಏರಿತ್ತು. ಆಗಸ್ಟ್ 15ರಿಂದ ಲೋಕಲ್ ರೈಲು ಜನರಿಗೆ ತೆರೆದಾಗ ಎರಡೂ ಡೋಸ್ ಆಗಿ 14 ದಿನ ಕಳೆದವರಿಗೆ ಮಾತ್ರ ಪ್ರವೇಶ. ಜೂನ್ ಕೊನೆಯಲ್ಲಿ ಮೊದಲ ಡೋಸ್ ಸಿಕ್ಕವರು ರೈಲು ಹತ್ತಲು ಅಕ್ಟೋಬರ್ ಬರಬೇಕಾಯಿತು. ಅಲ್ಲಿಯವರೆಗೆ ದಿವಾ, ಕಳವಾ, ಟಿಟ್ವಾಳಾದಿಂದ ಬಸ್ಸಿಗೆ ಬಸ್ಸು ಬದಲಿಸಿ, ಶೇರ್ ರಿಕ್ಷಾಗಳಲ್ಲಿ ಒತ್ತಿ ಕುಳಿತು ಇವರೆಲ್ಲ ಬಂದರು. ರೈಲಿನಲ್ಲಿ ಹರಡುವ ಸೋಂಕು ರಿಕ್ಷಾದಲ್ಲಿ ಹರಡದೇ?

ಆ ದಿನಗಳಲ್ಲಿ ನಮ್ಮ ಮಾವಶಿ ಲಸಿಕೆಗೆ ಹಿಂದೇಟು ಹಾಕಿದ್ದರು. ಊರಿನಿಂದ ಏನೇನೋ ವಿಡಿಯೋ ಬಂದಿರಬೇಕು ಎಂದು ಪಕ್ಕದ ಮನೆಯವರು ಅಂದುಕೊಂಡರು. ಕುಳಿತು ಕೇಳಿದಾಗ ಅವರು ಹೇಳಿದ್ದು ಬೇರೆ: "ಸೂಜಿಗೆ ಹೆದರಿಕೆ ಇಲ್ಲ ಅಕ್ಕಾ. ಜ್ವರ ಬಂದು ಎರಡು ದಿನ ಮಲಗಿದರೆ ಬ್ಯೂರೋದವರು ನನ್ನ ಜಾಗಕ್ಕೆ ಬೇರೆಯವರನ್ನು ಕಳಿಸುತ್ತಾರೆ. ಬಂದವರು ಬಿಟ್ಟು ಹೋಗುತ್ತಾರೆಯೇ?" ಎರಡು ದಿನದ ಪಗಾರ ಕೊಡುತ್ತೇವೆ, ಜಾಗ ನಿಮ್ಮದೇ ಎಂದ ಮೇಲೆ ಮರುದಿನವೇ ಸಾಲಿನಲ್ಲಿ ನಿಂತು ಬಂದರು. ಎಲ್ಲರ ಹಿಂಜರಿಕೆಯೂ ಇಷ್ಟು ಸುಲಭವಾಗಿ ಕರಗುವುದಿಲ್ಲ, ಒಪ್ಪುತ್ತೇನೆ. ಕೆಲವರಿಗೆ ನಿಜವಾಗಿಯೂ ಭಯ ಇರುತ್ತದೆ, ಕೆಲವರ ಮನೆಯಲ್ಲಿ ಗಂಡ ಬೇಡ ಎನ್ನುತ್ತಾನೆ. ಅಂಥವರ ಎದುರು ಕುಳಿತು ಮಾತಾಡಲು ನಮ್ಮಲ್ಲಿ ಯಾರಿಗೆ ಪುರಸೊತ್ತಿದೆ?

ಕಾನೂನಿನ ಮಾತು ಎತ್ತಿದವರಿಗೂ ಉತ್ತರ ಕೊಡಬೇಕು. ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ 2022ರ ಮೇ 2ರಂದು ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಸಂವಿಧಾನದ 21ನೇ ವಿಧಿಯ ಪ್ರಕಾರ ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ. ಆದರೆ ಸಾರ್ವಜನಿಕ ಆರೋಗ್ಯಕ್ಕಾಗಿ ಸರಕಾರ ಷರತ್ತು ಹಾಕಬಹುದು, ಆ ಷರತ್ತು ಅಪಾಯದ ಪ್ರಮಾಣಕ್ಕೆ ತಕ್ಕಷ್ಟಿರಬೇಕು. ಲಸಿಕೆ ಹಾಕಿಸಿಕೊಳ್ಳದವರಿಂದಲೇ ಸೋಂಕು ಹೆಚ್ಚು ಹರಡುತ್ತದೆ ಎಂಬುದಕ್ಕೆ ಸರಕಾರಗಳು ಅಂಕಿಅಂಶ ಮುಂದಿಡದ ಕಾರಣ ಆಗ ಇದ್ದ ನಿರ್ಬಂಧಗಳು ಆ ಪ್ರಮಾಣಕ್ಕೆ ತಕ್ಕಂತಿಲ್ಲ ಎಂದಿತು. ಇಂಗ್ಲೆಂಡಿನಲ್ಲಿ ವೃದ್ಧಾಶ್ರಮಗಳ ಸಿಬ್ಬಂದಿಗೆ 2021ರ ನವೆಂಬರ್ 11ರಿಂದ ಕೋವಿಡ್ ಲಸಿಕೆ ಕಡ್ಡಾಯವಾಯಿತು. ಸುಮಾರು 40 ಸಾವಿರ ಜನ ಕೆಲಸ ಕಳೆದುಕೊಳ್ಳಬಹುದೆಂದು ಸರಕಾರವೇ ಮೊದಲು ಅಂದಾಜು ಮಾಡಿತ್ತು. ಓಮಿಕ್ರಾನ್ ಬಂದ ಮೇಲೆ ಲೆಕ್ಕವೇ ಬದಲಾಗಿ, 2022ರ ಮಾರ್ಚ್ 15ಕ್ಕೆ ಆ ನಿಯಮವನ್ನು ತೆಗೆದುಹಾಕಿದರು. ನಾಲ್ಕು ತಿಂಗಳಿಗೆ ಬದಲಾಗುವ ನಿಯಮಕ್ಕಾಗಿ, ವರ್ಷಗಳಿಂದ ಮುದುಕರ ಕೈ ಹಿಡಿದು ನಡೆಸಿದವರು ಕೆಲಸ ಬಿಟ್ಟು ಹೋದರು. ನಿಯಮ ಹೋದ ಮೇಲೆ ಅವರೆಲ್ಲ ಹಿಂದಿರುಗಿ ಬರುತ್ತಾರೆಯೇ?

ಕೋವಿಡ್ ಲಸಿಕೆ ಪ್ರಾಣ ಉಳಿಸಿತು, ಅದರ ಬಗ್ಗೆ ನನ್ನಲ್ಲಿ ಎರಡು ಮಾತಿಲ್ಲ. ಹೊಸ ತಳಿಗಳು ಬಂದ ಮೇಲೆ ಅದು ಹಾಕಿಸಿಕೊಂಡವರನ್ನು ಕಾದಷ್ಟು ಚೆನ್ನಾಗಿ ಪಕ್ಕದವರನ್ನು ಕಾಯಲಿಲ್ಲ. ಆದ್ದರಿಂದ ಯಾವ ಲಸಿಕೆ, ಯಾರನ್ನು, ಎಷ್ಟರ ಮಟ್ಟಿಗೆ ಕಾಯುತ್ತದೆ ಎಂದು ಒಂದೊಂದಾಗಿ ಕೇಳಿಯೇ ನಿಯಮ ಮಾಡಬೇಕು.

ಮುಂಬಯಿಗೆ ಇದು ಹೊಸ ಪಾಠವೇನೂ ಅಲ್ಲ. 1896ರಲ್ಲಿ ಇಲ್ಲಿ ಪ್ಲೇಗು ಬಂದಾಗ ಸಿಪಾಯಿಗಳು ಮನೆಗಳಿಗೆ ನುಗ್ಗಿ ರೋಗಿಗಳನ್ನು ಎಳೆದೊಯ್ದರು. ಆ ಸಿಟ್ಟು ಪುಣೆಯಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡ್‌ನ ಕೊಲೆಯವರೆಗೆ ಹೋಯಿತು. ಅದೇ ಹೊತ್ತಿಗೆ ಇದೇ ಊರಿನಲ್ಲಿ ಪ್ಲೇಗಿನ ಲಸಿಕೆ ತಯಾರಿಸಿದ ವಿಜ್ಞಾನಿ ಹಾಫ್ಕಿನ್ ಅದನ್ನು 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡರು. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಆ ಚುಚ್ಚುಮದ್ದು ಹಾಕಿಸಿಕೊಂಡರು. ಪರೇಲಿನಲ್ಲಿ ಅವರ ಹೆಸರಿನ ಸಂಸ್ಥೆ ಈಗಲೂ ಇದೆ. ನಮ್ಮ ಸೊಸೈಟಿಯ ಸದಸ್ಯರನ್ನು ನಾನು ಕೇಳಿದ್ದೂ ಅದನ್ನೇ: ನೀವು ಹಾಕಿಸಿಕೊಂಡಿದ್ದೀರಾ? ವಿಮಾನ ಇಳಿದು ನೆಗಡಿಯೊಂದಿಗೆ ನೇರವಾಗಿ ಅಜ್ಜಿಯ ಕೋಣೆಗೆ ಬರುವ ಮೊಮ್ಮಗನ ಚೀಟಿಯನ್ನು ಕಾವಲುಗಾರ ಕೇಳುತ್ತಾನೆಯೇ? ಯಾರೂ ಉತ್ತರಿಸಲಿಲ್ಲ. ಮನೆಯವರ ಮೇಲೆ ಇಲ್ಲದ ನಿಯಮ ಮಾವಶಿಯ ಮೇಲೆ ಮಾತ್ರ ಇದ್ದರೆ ಅದು ಆರೋಗ್ಯದ ನಿಯಮವಲ್ಲ, ಅನುಮಾನದ ನಿಯಮ.

ಮುಂದಿನ ಸಭೆಗೆ ನಾನು ಬರೆದುಕೊಟ್ಟಿರುವ ಪತ್ರದಲ್ಲಿ ಇರುವುದು ಹೀಗೆ. ಹಿರಿಯರಿರುವ ಮನೆಯಲ್ಲಿ ಮನೆಯವರು ಮತ್ತು ಆರೈಕೆಯವರು ಒಂದೇ ದಿನ ಫ್ಲೂ ಲಸಿಕೆ ಹಾಕಿಸಿಕೊಳ್ಳಲಿ, ಎಲ್ಲರ ಹಣವನ್ನೂ ಮನೆಯವರು ಕೊಡಲಿ. ಮರುದಿನದ ರಜೆಗೆ ಪಗಾರ ಇರಲಿ, ಜಾಗಕ್ಕೆ ಭದ್ರತೆ ಇರಲಿ. ರೋಗಿಗೆ ಹೆಪಟೈಟಿಸ್, ಕ್ಷಯ ಮುಂತಾದವು ಇದ್ದರೆ ನೋಡಿಕೊಳ್ಳುವವರಿಗೆ ಮೊದಲ ದಿನವೇ ತಿಳಿಸಲಿ. ಬಳಸಿದ ಸೂಜಿ ಹಾಕಲು ದಪ್ಪ ಪ್ಲಾಸ್ಟಿಕ್ ಡಬ್ಬಿ ಇರಲಿ, ಮುಚ್ಚಳ ಮತ್ತೆ ತೊಡಿಸುವುದೇ ಬೇಡ. ಇಷ್ಟೆಲ್ಲ ಮಾಡಿ, ತಿಳಿಸಿ ಹೇಳಿ, ವೈದ್ಯರ ಹತ್ತಿರ ಮಾತಾಡಿಸಿದ ಮೇಲೂ ಒಬ್ಬರು ಬೇಡ ಎಂದರೆ? ಅವರನ್ನು ಮಾಸ್ಕ್ ಹಾಕಿಕೊಂಡು ಮುಂದುವರಿಯಲು ಬಿಡಬೇಕು, ಅಥವಾ ಅಷ್ಟು ನಾಜೂಕಾಗಿರದ ರೋಗಿಯ ಮನೆಗೆ ಬ್ಯೂರೋ ಕಳಿಸಬೇಕು. ಹೆಪಟೈಟಿಸ್ ಬಿ ವಿಷಯದಲ್ಲಿ ಮಾತ್ರ ನಾನು ಸಡಿಲ ಬಿಡಲಾರೆ. ಸೂಜಿ ಹಿಡಿಯುವ ಕೆಲಸಕ್ಕೆ ಲಸಿಕೆ ಇಲ್ಲದವರನ್ನು ನಿಲ್ಲಿಸುವುದು ಅವರಿಗೇ ಮಾಡುವ ಅನ್ಯಾಯ.

ಇಲ್ಲಿನ ಕನ್ನಡ ಸಂಘಗಳು ಆರೋಗ್ಯ ಶಿಬಿರ ನಡೆಸುತ್ತವೆ, ರಕ್ತದೊತ್ತಡ, ಸಕ್ಕರೆ ನೋಡಿ ಕಳಿಸುತ್ತವೆ. ಕಲಬುರಗಿ, ವಿಜಯಪುರ, ಸೊಲ್ಲಾಪುರದ ಕಡೆಯಿಂದ ಬಂದು ಈ ಊರಿನ ಮುದುಕರನ್ನು ಸಾಕುತ್ತಿರುವ ಹೆಂಗಸರಿಗಾಗಿ ಒಂದು ಭಾನುವಾರ ಹೆಪಟೈಟಿಸ್ ಬಿ ಶಿಬಿರ ಇಡಲು ಸಾಧ್ಯವೇ? ತೊಡಕು ಇರುವುದು ಮೂರನೆಯ ಡೋಸಿನಲ್ಲಿ. ಮೊದಲನೆಯದು ಇಂದು, ಎರಡನೆಯದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಅಷ್ಟರಲ್ಲಿ ರೋಗಿ ತೀರಿಕೊಂಡಿರುತ್ತಾರೆ, ಮಾವಶಿ ಬೇರೆ ಮನೆಗೆ, ಬೇರೆ ಉಪನಗರಕ್ಕೆ ಹೋಗಿರುತ್ತಾರೆ. ಡೊಂಬಿವಿಲಿಯ ಆ ಹೆಂಗಸಿಗೆ ಮೂರನೆಯದು ಸಿಕ್ಕಿತೋ ಇಲ್ಲವೋ ಎಂದು ಆ ಮನೆಯಲ್ಲಿ ಯಾರಿಗೂ ತಿಳಿಯದು. ಆದ್ದರಿಂದ ಮೂರೂ ದಿನಾಂಕ ಬರೆದ ಕಾರ್ಡು ಮಾವಶಿಯ ಕೈಯಲ್ಲೇ ಇರಬೇಕು, ಆ ಹೊತ್ತಿಗೆ ಅವರು ಯಾವ ಮನೆಯಲ್ಲಿ ಇರುತ್ತಾರೋ ಆ ಮನೆಯವರು ಉಳಿದ ಡೋಸಿನ ಹಣ ಕೊಡಬೇಕು. ಠಾಣೆ, ಡೊಂಬಿವಿಲಿ, ಕಲ್ಯಾಣದಲ್ಲಿ ಕ್ಲಿನಿಕ್ ಇಟ್ಟಿರುವ ನಮ್ಮ ವೈದ್ಯರು, ಬ್ಯೂರೋ ನಡೆಸುವ ಪರಿಚಯದವರು ಯಾರಾದರೂ ಇದಕ್ಕೆ ಕೈ ಜೋಡಿಸುವಿರಾದರೆ ನನಗೆ ಒಂದು ಸಂದೇಶ ಕಳಿಸಿ. ನಮ್ಮ ಕಟ್ಟಡದ ಮಾವಶಿಯರ ಪಟ್ಟಿ ಮಾಡಲು ಈಗಾಗಲೇ ಶುರುಮಾಡಿದ್ದೇನೆ.