‘ಆವಿಷ್ಕಾರ ಮಾಡಿದ್ದೀರಾ?’ ಎಂದು ಕೇಳಿದರೆ ‘ಇಲ್ಲ’ ಎಂದೇ ಉತ್ತರ ಬರುತ್ತದೆ

ಸುಮಾರು ಹತ್ತು ವರ್ಷಗಳ ಹಿಂದೆ ತೀರ್ಥಹಳ್ಳಿ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಕುಳಿತು ಷೆಡ್ಯೂಲ್, ಅಂದರೆ ಸಮೀಕ್ಷೆಯ ಪ್ರಶ್ನೆಪಟ್ಟಿ, ತುಂಬಿಸುತ್ತಿದ್ದೆ. ಸಣ್ಣ ಉದ್ಯಮಗಳಲ್ಲಿ ಹೊಸತನ ಎಷ್ಟಿದೆ ಎಂದು ಅಳೆಯುವ ಸಮೀಕ್ಷೆ ಅದು. ನಾನು ಅದರಲ್ಲಿ ಗುತ್ತಿಗೆಯ ಮೇಲಿದ್ದ ಸಮೀಕ್ಷಕ. ವರ್ಕ್‌ಶಾಪಿನ ಯಜಮಾನರು ಅಡಿಕೆ ಸುಲಿಯುವ ಯಂತ್ರ ಮಾಡಿ ಮಾರುವವರು. ‘ಕಳೆದ ಮೂರು ವರ್ಷಗಳಲ್ಲಿ ನಿಮ್ಮ ಸಂಸ್ಥೆಯು ಯಾವುದಾದರೂ ನೂತನ ಅಥವಾ ಗಣನೀಯವಾಗಿ ಸುಧಾರಿತ ಉತ್ಪನ್ನವನ್ನು ಆವಿಷ್ಕರಿಸಿದೆಯೇ?’ ಎಂದು ಷೆಡ್ಯೂಲಿನಲ್ಲಿದ್ದ ಹಾಗೆಯೇ ಓದಿದೆ. ಅವರು ಸಂಕೋಚದಿಂದ ನಕ್ಕು, “ಆವಿಷ್ಕಾರ ಎಲ್ಲ ಎಂಥದ್ದು ಮಾರಾಯ್ರೆ, ಅದೆಲ್ಲ ದೊಡ್ಡ ಕಂಪನಿಯವರದ್ದು. ನಾವು ರಿಪೇರಿ ಮಾಡ್ಕೊಂಡು ಇರೋರು” ಎಂದರು. ನಾನು ‘ಇಲ್ಲ’ ಎಂಬುದಕ್ಕೆ ಕೊಟ್ಟಿದ್ದ ಸಂಕೇತ 2 ಎಂದು ಬರೆದೆ. 2 ಎಂದು ಬರೆದ ಕೂಡಲೇ ಮುಂದಿನ ಒಂದಿಡೀ ವಿಭಾಗವನ್ನು ಬಿಟ್ಟು ಮುನ್ನಡೆಯಬೇಕು ಎಂಬುದು ಷೆಡ್ಯೂಲಿನ ಸೂಚನೆಯಾಗಿತ್ತು, ಹಾಗೆಯೇ ಮುನ್ನಡೆದೆ.

ಕೆಲಸ ಮುಗಿದ ಮೇಲೆ ಚಹಾ ಬಂತು. ಕುಡಿಯುತ್ತ, ಬಾಗಿಲ ಬಳಿ ನಿಂತಿದ್ದ ಯಂತ್ರದ ಬಗ್ಗೆ ಸುಮ್ಮನೆ ವಿಚಾರಿಸಿದೆ. ಹಿಂದಿನ ಯಂತ್ರದಲ್ಲಿ ಸಿಪ್ಪೆಯ ಜೊತೆಗೆ ಒಳಗಿನ ಅಡಿಕೆಗೂ ಗಾಯವಾಗುತ್ತಿತ್ತಂತೆ, ಒಡೆದ ಅಡಿಕೆಗೆ ಮಂಡಿಯಲ್ಲಿ ದರ ಸಿಗುವುದಿಲ್ಲ. ಬೆಳೆಗಾರರ ದೂರು ಕೇಳಿ ಕೇಳಿ ಒತ್ತುವ ಭಾಗಕ್ಕೆ ರಬ್ಬರ್ ಹೊದಿಸಿದ್ದರು. ಒಳಗಿನ ಹಳ್ಳಿಗಳಲ್ಲಿ ತ್ರೀ ಫೇಸ್ ಕರೆಂಟನ್ನು ನಂಬುವಂತಿಲ್ಲವೆಂದು ಸಿಂಗಲ್ ಫೇಸ್ ಮೋಟಾರಿಗೆ ಹೊಂದುವಂತೆ ಯಂತ್ರವನ್ನು ಬದಲಿಸಿದ್ದರು. ಕೆಳಗೆ ಚಕ್ರ ಜೋಡಿಸಿದ್ದರಿಂದ ಅದನ್ನು ಒಂದು ಅಂಗಳದಿಂದ ಇನ್ನೊಂದು ಅಂಗಳಕ್ಕೆ ಒಯ್ಯಲು ಸಾಧ್ಯವಾಗಿ, ಕೊಳ್ಳಲಾಗದ ಸಣ್ಣ ಬೆಳೆಗಾರರೂ ಬಾಡಿಗೆಗೆ ತರಿಸಿಕೊಳ್ಳತೊಡಗಿದ್ದರು. ಇದೆಲ್ಲ ನಡೆದದ್ದು ಎರಡು ಕೊಯ್ಲುಗಳ ನಡುವಿನ ಅವಧಿಯಲ್ಲಿ. ರಾತ್ರಿ ಹೊತ್ತು ಮೆಟ್ಟುಕತ್ತಿಯ ಮುಂದೆ ಸಾಲಾಗಿ ಕುಳಿತು ಹೆಂಗಸರು ಅಡಿಕೆ ಸುಲಿಯುತ್ತಿದ್ದ ಮನೆಗಳನ್ನು ಕಂಡವರಿಗೆ ಈ ಮೂರು ಬದಲಾವಣೆಗಳ ತೂಕ ಎಷ್ಟೆಂದು ತಿಳಿಯುತ್ತದೆ. ನನ್ನ ಷೆಡ್ಯೂಲಿನಲ್ಲಿ ಮಾತ್ರ ಆ ವರ್ಕ್‌ಶಾಪು ಹೊಸತೇನನ್ನೂ ಮಾಡದ ಉದ್ಯಮವಾಗಿ ದಾಖಲಾಗಿತ್ತು. ಸಂಜೆ ಮೇಲ್ವಿಚಾರಕರಿಗೆ ಹೇಳಿದಾಗ, ಉತ್ತರ ಕೊಟ್ಟವರು ಹೇಳಿದ್ದನ್ನೇ ಬರೆಯಬೇಕು, ನಮ್ಮ ಅಭಿಪ್ರಾಯದಂತೆ ತಿದ್ದಬಾರದು ಎಂದರು. ಅವರು ಹೇಳಿದ್ದು ಸರಿಯೇ. ಸಮೀಕ್ಷಕರು ತಮಗೆ ತೋಚಿದಂತೆ ತಿದ್ದತೊಡಗಿದರೆ ಯಾವ ಅಂಕಿಅಂಶವೂ ಉಳಿಯುವುದಿಲ್ಲ. ತಪ್ಪು ಉತ್ತರದಲ್ಲಿರಲಿಲ್ಲ, ಬರವಣಿಗೆಯಲ್ಲೂ ಇರಲಿಲ್ಲ. ಪ್ರಶ್ನೆಯಲ್ಲಿತ್ತು.

ಅಭಿವೃದ್ಧಿಶೀಲ ದೇಶಗಳ ಉದ್ಯಮಗಳಲ್ಲಿ ‘ಶೇಕಡಾ ಇಷ್ಟು ನಾವೀನ್ಯ’ ಎಂದು ಪ್ರಕಟವಾಗುವ ಪ್ರತಿ ಅಂಕಿಯನ್ನು ಓದುವಾಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ. ಆ ಅಂಕಿಯಲ್ಲಿ ಉದ್ಯಮದ ಸ್ಥಿತಿ ಎಷ್ಟಿದೆಯೋ, ಪ್ರಶ್ನೆಯ ಮಾತು ಯಾವ ಭಾಷೆಯಲ್ಲಿ, ಯಾವ ಪದದಲ್ಲಿ, ಯಾರ ಬಾಯಿಂದ ಬಂತು ಎಂಬುದೂ ಅಷ್ಟೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಬಗೆಯ ಸಮೀಕ್ಷೆಗಳಿಗೆಲ್ಲ ಆಧಾರವಾಗಿರುವುದು, ಹೊಸತನವನ್ನು ಹೇಗೆ ಅಳೆಯಬೇಕೆಂದು ಹೇಳುವ ಓಸ್ಲೋ ಕೈಪಿಡಿ. ಶ್ರೀಮಂತ ರಾಷ್ಟ್ರಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ 1992ರಲ್ಲಿ ಅದರ ಮೊದಲ ಆವೃತ್ತಿಯನ್ನು ಹೊರತಂದಾಗ ಕಣ್ಣ ಮುಂದಿದ್ದದ್ದು ಕಾರ್ಖಾನೆಗಳ ತಾಂತ್ರಿಕ ಬದಲಾವಣೆ ಮಾತ್ರ. 1997ರ ಆವೃತ್ತಿಯಲ್ಲಿ ಸೇವಾ ವಲಯ ಸೇರಿತು. 2005ರಲ್ಲಿ ಮಾರಾಟದ ವಿಧಾನ ಮತ್ತು ಸಂಘಟನೆಯ ವಿಧಾನಗಳಲ್ಲಿನ ಹೊಸತನವೂ ಸೇರಿತು, ಜೊತೆಗೆ ಅಭಿವೃದ್ಧಿಶೀಲ ದೇಶಗಳಿಗೆಂದೇ ಒಂದು ಅನುಬಂಧವನ್ನು ಕೊಡಲಾಯಿತು. 2018ರ ನಾಲ್ಕನೆಯ ಆವೃತ್ತಿಯು ಎಲ್ಲವನ್ನೂ ಉತ್ಪನ್ನದ ಹೊಸತನ, ವ್ಯವಹಾರ ಪ್ರಕ್ರಿಯೆಯ ಹೊಸತನ ಎಂಬ ಎರಡೇ ವರ್ಗಗಳಿಗೆ ಇಳಿಸಿದೆ. ಲ್ಯಾಟಿನ್ ಅಮೆರಿಕದವರು ಇಷ್ಟಕ್ಕೆ ಕಾಯದೆ 2001ರಲ್ಲೇ ಬೊಗೊಟಾ ಕೈಪಿಡಿಯನ್ನು ರೂಪಿಸಿಕೊಂಡರು. ಯಂತ್ರ ಕೊಳ್ಳುವುದು, ಕೆಲಸಗಾರರಿಗೆ ತರಬೇತಿ ಕೊಡುವುದು, ಕೆಲಸದ ವ್ಯವಸ್ಥೆಯನ್ನು ಬದಲಿಸುವುದು ಮುಂತಾದ ಪ್ರಯತ್ನಗಳನ್ನು ಅಳೆಯದೆ ಫಲಿತಾಂಶವನ್ನಷ್ಟೇ ಎಣಿಸಿದರೆ ತಮ್ಮ ಉದ್ಯಮಗಳ ನಿಜಸ್ಥಿತಿ ಕಾಣುವುದಿಲ್ಲ ಎಂಬುದು ಅವರ ವಾದದ ತಿರುಳು, ಮತ್ತು ನಮ್ಮ ದೇಶಕ್ಕೂ ಅದು ಪೂರ್ಣವಾಗಿ ಅನ್ವಯಿಸುತ್ತದೆ. ಸಂಶೋಧನೆ ಮತ್ತು ಅಭಿವೃದ್ಧಿಗೆ ಭಾರತ 2020–21ರಲ್ಲಿ ಖರ್ಚು ಮಾಡಿದ್ದು ಒಟ್ಟು ಆಂತರಿಕ ಉತ್ಪನ್ನದ ಶೇ. 0.64ರಷ್ಟು ಮಾತ್ರ. ಪ್ರಯೋಗಾಲಯದ ಖರ್ಚನ್ನೇ ಅಳತೆಗೋಲಾಗಿಸಿಕೊಂಡರೆ ನಮ್ಮಲ್ಲಿ ನಡೆಯುವ ಬಹುಪಾಲು ಬದಲಾವಣೆ ಕಾಣದೇ ಹೋಗುತ್ತದೆ.

ಓಸ್ಲೋ ಕೈಪಿಡಿಯ ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಹೊಸತು ಎನ್ನಲು ಅದು ಜಗತ್ತಿಗೇ ಹೊಸತಾಗಿರಬೇಕಿಲ್ಲ, ಮಾರುಕಟ್ಟೆಗೂ ಹೊಸತಾಗಿರಬೇಕಿಲ್ಲ. ಆ ಉದ್ಯಮಕ್ಕೆ ಹೊಸತಾಗಿದ್ದು, ಮೊದಲಿನದಕ್ಕಿಂತ ಗಣನೀಯವಾಗಿ ಬೇರೆಯಾಗಿದ್ದು, ಬಳಕೆಗೆ ಬಂದಿದ್ದರೆ ಸಾಕು. ಕನ್ನಡದ ‘ಆವಿಷ್ಕಾರ’ ಎಂಬ ಪದ ಈ ಅರ್ಥವನ್ನು ಹೊರಲಾರದು. ಅದು ನಮಗೆ ಶಾಲೆಯ ವಿಜ್ಞಾನದ ಪಾಠದಿಂದ ಬಂದದ್ದು. ಕೇಳಿದೊಡನೆ ವಿದ್ಯುದ್ದೀಪ, ಉಗಿಯಂತ್ರ, ರೇಡಿಯೋ ನೆನಪಾಗುತ್ತವೆ. ‘ನಾವೀನ್ಯತೆ’ ಎಂದರೆ ಸರ್ಕಾರಿ ಜಾಹೀರಾತು ನೆನಪಾಗುತ್ತದೆ. ವರ್ಕ್‌ಶಾಪಿನಲ್ಲಿ ಜನ ಆಡುವ ಮಾತು ಬೇರೆಯೇ ಇದೆ: ‘ಮಾಡೆಲ್ ಚೇಂಜ್ ಮಾಡಿದ್ವಿ’, ‘ಇದನ್ನ ಸ್ವಲ್ಪ ಮಾಡಿಫೈ ಮಾಡಿದ್ವಿ’, ‘ಐಡಿಯಾ ಮಾಡಿದ್ವಿ’. ಈ ಮಾತುಗಳಲ್ಲಿ ಒಂದಾದರೂ ಯಾವ ಪ್ರಶ್ನಾವಳಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಪ್ರಶ್ನೆ ಇಂಗ್ಲಿಷಿನಲ್ಲಿ ಹುಟ್ಟುತ್ತದೆ, ಕಚೇರಿಯಲ್ಲಿ ಅನುವಾದವಾಗುತ್ತದೆ, ಅಥವಾ ಅನುವಾದವೇ ಆಗದೆ ಸಮೀಕ್ಷಕನ ಬಾಯಿಗೆ ಬಿಟ್ಟುಬಿಡುತ್ತಾರೆ. ಒಬ್ಬೊಬ್ಬ ಸಮೀಕ್ಷಕನೂ ಒಂದೊಂದು ರೀತಿ ಕೇಳಿದಾಗ ಜಿಲ್ಲೆ ಜಿಲ್ಲೆಗಳ ನಡುವಿನ ವ್ಯತ್ಯಾಸ ಉದ್ಯಮಗಳದ್ದೋ ಕೇಳಿದವರದ್ದೋ ಎಂದು ಬೇರ್ಪಡಿಸಲು ಯಾರಿಂದಲೂ ಆಗುವುದಿಲ್ಲ.

ಹಾಗೆಂದು ಸಮೀಕ್ಷೆಗಳು ಯಾವಾಗಲೂ ಕಡಿಮೆಯನ್ನೇ ತೋರಿಸುತ್ತವೆ ಎಂದು ನಾನು ಹೇಳುತ್ತಿಲ್ಲ. ತಪ್ಪು ಎದುರು ದಿಕ್ಕಿಗೂ ಹೋಗುತ್ತದೆ. ಪೀಣ್ಯದಲ್ಲಿ ಜಾಬ್ ವರ್ಕ್ ಮಾಡುವ ಘಟಕಗಳಿಗೆ ಗಿರಾಕಿ ಕಂಪನಿಗಳಿಂದ ತಿಂಗಳಿಗೊಂದು ಹೊಸ ಡ್ರಾಯಿಂಗ್ ಬರುತ್ತದೆ, ಅದರಂತೆ ಬಿಡಿಭಾಗ ತಯಾರಾಗುತ್ತದೆ. ‘ಹೊಸ ಉತ್ಪನ್ನ ತಂದಿದ್ದೀರಾ?’ ಎಂದು ಕೇಳಿದರೆ ಆ ಘಟಕದ ಮ್ಯಾನೇಜರು ‘ಬೇಕಾದಷ್ಟು’ ಎನ್ನುತ್ತಾರೆ. ಗಿರಾಕಿ ಹೇಳಿದಂತೆ ಮಾಡಿಕೊಟ್ಟದ್ದು, ಮೊದಲಿನದಕ್ಕಿಂತ ಗಣನೀಯವಾಗಿ ಬೇರೆಯಾಗಿಲ್ಲದಿದ್ದರೆ, ಕೈಪಿಡಿಯ ಪ್ರಕಾರ ಹೊಸತನವಲ್ಲ. ಸವೆದ ಯಂತ್ರದ ಜಾಗಕ್ಕೆ ಅಂಥದೇ ಯಂತ್ರ ತಂದದ್ದೂ ಅಲ್ಲ, ಹಬ್ಬದ ಕಾಲಕ್ಕೆ ಬಣ್ಣ ಬದಲಿಸಿದ್ದೂ ಅಲ್ಲ. ಆದರೆ ಇದನ್ನು ವಿವರಿಸುವಷ್ಟು ಪುರುಸೊತ್ತು ದಿನಕ್ಕೆ ಇಷ್ಟು ಷೆಡ್ಯೂಲ್ ಮುಗಿಸಲೇಬೇಕಾದ ಸಮೀಕ್ಷಕನಿಗೂ ಇರುವುದಿಲ್ಲ, ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಮ್ಯಾನೇಜರಿಗೂ ಇರುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 2002ರಿಂದ 2004ರವರೆಗಿನ ಅವಧಿಗೆ ನಡೆಸಿದ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉದ್ಯಮಗಳು ಹೊಸತನದಲ್ಲಿ ತೊಡಗಿವೆ ಎಂದು ಬಂದಿತ್ತು. ಅದೇ ಅವಧಿಗೆ ಐರೋಪ್ಯ ಒಕ್ಕೂಟದ ಅಂಕಿ ಶೇ. 42ರ ಆಸುಪಾಸಿನಲ್ಲಿತ್ತು. ಇಂಥ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಯಾರು ಮುಂದೆ, ಯಾರು ಹಿಂದೆ ಎಂದು ತೀರ್ಮಾನಿಸುವವರು ‘ಹೌದು’ ಎಂಬ ಉತ್ತರದ ಹಿಂದೆ ಎರಡೂ ಕಡೆ ಒಂದೇ ವಸ್ತು ಇದೆ ಎಂದು ನಂಬಿಕೊಂಡಿರುತ್ತಾರೆ.

ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರೂ ಇದ್ದಾರೆ. ವಿಶ್ವಬ್ಯಾಂಕಿನ ತಜ್ಞರು ಆಫ್ರಿಕಾ ಮತ್ತು ದಕ್ಷಿಣ ಏಷ್ಯಾದ ಉದ್ಯಮಗಳಲ್ಲಿ, ಭಾರತವೂ ಸೇರಿ, ಮೊದಲು ಚುಟುಕಾದ ಹೌದು–ಇಲ್ಲ ಪ್ರಶ್ನೆ ಕೇಳಿ, ಆಮೇಲೆ ಅವೇ ಉದ್ಯಮಗಳಿಗೆ ವಿವರವಾದ ಸಮೀಕ್ಷೆ ನಡೆಸಿ, ಮಾಡಿದ ಮುಖ್ಯ ಬದಲಾವಣೆಯನ್ನು ಅವರದೇ ಮಾತಿನಲ್ಲಿ ಹೇಳಿಸಿ ಬರೆದುಕೊಂಡರು. ಎರಡು ಉತ್ತರಗಳು ಎಷ್ಟೋ ಕಡೆ ತಾಳೆಯಾಗಲಿಲ್ಲ. ಮಾರಾಟದ ರೀತಿ ಬದಲಿಸಿದ್ದನ್ನು ಹೊಸ ಉತ್ಪನ್ನವೆಂದು ಹೇಳಿದವರಿದ್ದರು. ಉತ್ತರಿಸುವವರ ಮಾತನ್ನೇ ಬರೆದುಕೊಳ್ಳುವ ಈ ಕ್ರಮದಲ್ಲಿ ನನಗೆ ಬಹಳ ಭರವಸೆಯಿದೆ. ತೀರ್ಥಹಳ್ಳಿಯ ಯಜಮಾನರನ್ನು ‘ಮೂರು ವರ್ಷದ ಹಿಂದೆ ನೀವು ಮಾರಿದ ಯಂತ್ರಕ್ಕೂ ಈಗ ಮಾರುವ ಯಂತ್ರಕ್ಕೂ ಏನು ವ್ಯತ್ಯಾಸ?’ ಎಂದು ಕೇಳಿದ್ದರೆ ಅವರು ಅರ್ಧ ಗಂಟೆ ಮಾತಾಡುತ್ತಿದ್ದರು, ಚಹಾದ ಹೊತ್ತಿನಲ್ಲಿ ಮಾತಾಡಿದಂತೆಯೇ.

ಈಗ ನಮ್ಮ ರಾಜ್ಯದ ವಿಷಯಕ್ಕೆ ಬರುತ್ತೇನೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಾಗೂ ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಘಟನೆ ಸೇರಿ 2021–22ರಲ್ಲಿ ನಡೆಸಿದ ರಾಷ್ಟ್ರೀಯ ತಯಾರಿಕಾ ನಾವೀನ್ಯ ಸಮೀಕ್ಷೆಯಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಉದ್ಯಮಗಳಿಂದ ಮಾಹಿತಿ ಪಡೆಯಲಾಯಿತು. ಅವುಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ, ಅಂದರೆ ಶೇ. 25ರಷ್ಟು, ಹೊಸತನ ತಂದಿವೆ ಎಂದು ತಿಳಿದುಬಂತು. ಒಟ್ಟಾರೆ ಶ್ರೇಯಾಂಕದಲ್ಲಿ ಕರ್ನಾಟಕ ಮೊದಲ ಸ್ಥಾನ ಪಡೆಯಿತು, ಪತ್ರಿಕೆಗಳು ಸಂಭ್ರಮಿಸಿದವು, ನಾನೂ ಸಂತೋಷಪಟ್ಟೆ. ಆದರೆ ಅದೇ ವರದಿಯಲ್ಲಿ ಹೊಸತನ ತಂದ ಉದ್ಯಮಗಳ ಪ್ರಮಾಣವನ್ನು ನೋಡಿದರೆ ತೆಲಂಗಾಣ ಶೇ. 46.18ರೊಂದಿಗೆ ಮುಂದಿದೆ, ಕರ್ನಾಟಕ ಶೇ. 39.10ರೊಂದಿಗೆ ಎರಡನೆಯದು. ಎರಡೂ ನಿಜ, ಒಂದು ಹಲವು ಅಂಶಗಳಿಗೆ ತೂಕ ಕೊಟ್ಟು ಕೂಡಿಸಿದ ಸೂಚ್ಯಂಕ, ಇನ್ನೊಂದು ಬರೀ ಎಣಿಕೆ. ಎಣಿಕೆಗೆ ಆಧಾರ ಉದ್ಯಮಗಳು ಕೊಟ್ಟ ಉತ್ತರವಾದರೆ, ಸೂಚ್ಯಂಕಕ್ಕೆ ಅದರ ಮೇಲೆ ತಜ್ಞರು ಆರಿಸಿಕೊಂಡ ತೂಕಗಳೂ ಸೇರುತ್ತವೆ. ಯಾವುದೋ ಒಂದು ಸ್ಥಾನವನ್ನು ಹಿಡಿದು ಹೆಮ್ಮೆಪಡುವ ಬದಲು, ಉತ್ತರಗಳು ಬಂದದ್ದು ಹೇಗೆ ಎಂದು ಕೇಳುವ ಅಭ್ಯಾಸ ನಮ್ಮ ಪತ್ರಿಕೆಗಳಿಗೂ ವಿಶ್ವವಿದ್ಯಾಲಯಗಳಿಗೂ ಬರಬೇಕು. ಹೊಸತನಕ್ಕೆ ಅಡ್ಡಿಯೇನು ಎಂಬ ಪ್ರಶ್ನೆಗೆ ಆ ಸಮೀಕ್ಷೆಯಲ್ಲಿ ಬಂದ ಉತ್ತರಗಳು, ಅಂದರೆ ಸ್ವಂತ ಹಣವಿಲ್ಲ, ಖರ್ಚು ಹೆಚ್ಚು, ಹೊರಗಿನಿಂದ ಸಾಲ ಸಿಗುವುದಿಲ್ಲ ಎಂಬವು, ನನ್ನ ದೃಷ್ಟಿಯಲ್ಲಿ ಶ್ರೇಯಾಂಕಕ್ಕಿಂತ ಹೆಚ್ಚು ಚರ್ಚೆಯಾಗಬೇಕಿತ್ತು.

ಈ ಸಮೀಕ್ಷೆಯ ಹೆಸರಲ್ಲೇ ಇರುವಂತೆ ಅದು ತಯಾರಿಕಾ ಉದ್ಯಮಗಳದ್ದು. ಹೋಟೆಲು, ಗ್ಯಾರೇಜು, ಕಿರಾಣಿ ಅಂಗಡಿ, ದರ್ಜಿ ಅಂಗಡಿಗಳು ಅದರಲ್ಲಿಲ್ಲ. ದೇಶದಲ್ಲಿ ನೋಂದಾಯಿತ ಕಂಪನಿಗಳಲ್ಲದ, ಕೃಷಿಯೇತರ ಉದ್ಯಮಗಳು ಎಷ್ಟಿವೆ ಎಂದರೆ, 2015–16ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ 6.34 ಕೋಟಿ, 2023–24ರ ವಾರ್ಷಿಕ ಸಮೀಕ್ಷೆಯ ಪ್ರಕಾರ 7.34 ಕೋಟಿ. ಅವುಗಳಲ್ಲಿ ಬಹುಪಾಲು ಕೂಲಿಯಾಳು ಇಲ್ಲದೆ ಮನೆಯವರೇ ನಡೆಸುವಂಥವು. ಇವರ ಬಳಿ ಲೆಕ್ಕದ ಪುಸ್ತಕ ಇರುವುದಿಲ್ಲ, ಮೂರು ವರ್ಷದ ಹಿಂದಿನದನ್ನು ಯುಗಾದಿ, ಮಗಳ ಮದುವೆ, ಲಾಕ್‌ಡೌನ್ ಎಂದು ನೆನಪಿಟ್ಟಿರುತ್ತಾರೆಯೇ ಹೊರತು ಆರ್ಥಿಕ ವರ್ಷದ ಲೆಕ್ಕದಲ್ಲಲ್ಲ. ಕೈಯಲ್ಲಿ ಷೆಡ್ಯೂಲ್ ಹಿಡಿದು ಬಂದವನನ್ನು ತೆರಿಗೆಯವನೋ ಪಾಲಿಕೆಯವನೋ ಎಂದು ಅನುಮಾನದಿಂದ ನೋಡುತ್ತಾರೆ, ಹೊಸದಾಗಿ ಏನು ಶುರು ಮಾಡಿದ್ದೀರಿ ಎಂದರೆ ‘ಏನೂ ಇಲ್ಲ, ಹಿಂಗೇ ನಡೀತಿದೆ’ ಎನ್ನುತ್ತಾರೆ. 2016ರ ನವೆಂಬರಿನ ನೋಟು ರದ್ದತಿ, 2017ರ ಜುಲೈನಲ್ಲಿ ಬಂದ ಜಿಎಸ್‌ಟಿ, ಆಮೇಲೆ ಮೂಲೆ ಮೂಲೆಗೂ ಹರಡಿದ ಯುಪಿಐ ಇವೆಲ್ಲ ಸೇರಿ ಸಣ್ಣ ವ್ಯಾಪಾರಿಗಳು ಹಣ ಪಡೆಯುವ, ಬಿಲ್ ಮಾಡುವ, ಸಾಮಾನು ತರಿಸುವ ರೀತಿಯನ್ನೇ ಬದಲಿಸಿವೆ. ಓಸ್ಲೋ ಕೈಪಿಡಿಯ ಅರ್ಥದಲ್ಲಿ ಅದು ವ್ಯವಹಾರ ಪ್ರಕ್ರಿಯೆಯ ಹೊಸತನವೇ. ಆದರೆ ಬೇರೆ ದಾರಿಯಿಲ್ಲದೆ ಒಪ್ಪಿಕೊಂಡ ಬದಲಾವಣೆಯನ್ನೂ, ತಾನೇ ಯೋಚಿಸಿ, ಕೈಯಿಂದ ಹಣ ಹಾಕಿ, ಸೋತು ಮತ್ತೆ ಪ್ರಯತ್ನಿಸಿ ತಂದ ಬದಲಾವಣೆಯನ್ನೂ ಒಂದೇ ಸಂಕೇತದಲ್ಲಿ ಬರೆಯುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ಅವೆರಡನ್ನು ಬೇರ್ಪಡಿಸುವ ಒಂದು ಪ್ರಶ್ನೆಯಾದರೂ ಇರಬೇಕು: ಈ ಬದಲಾವಣೆ ಯಾರ ಒತ್ತಾಯದಿಂದ ಆಯಿತು, ಯಾರ ತಲೆಯಿಂದ ಬಂತು?

ಇದಕ್ಕೆ ಬೇಕಾದ ಜ್ಞಾನ ಹೊರದೇಶದಿಂದ ಬರಬೇಕಾಗಿಲ್ಲ. ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಯ ಕಾಲದಲ್ಲೇ ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಅವರು, ಸಮೀಕ್ಷೆಯಲ್ಲಿನ ದೋಷಕ್ಕೆ ಮಾದರಿ ಚಿಕ್ಕದಾಗಿರುವುದಷ್ಟೇ ಕಾರಣವಲ್ಲ, ಅಳೆಯುವ ಮನುಷ್ಯರೂ ಕಾರಣ ಎಂದು ಗುರುತಿಸಿ, ಒಂದೇ ಪ್ರದೇಶಕ್ಕೆ ಎರಡು ಸ್ವತಂತ್ರ ಉಪಮಾದರಿಗಳನ್ನು ಬೇರೆ ಬೇರೆ ತಂಡಗಳಿಗೆ ಒಪ್ಪಿಸಿ ಫಲಿತಾಂಶಗಳನ್ನು ಹೋಲಿಸುವ ಕ್ರಮವನ್ನು ತಂದರು. ಆ ಕ್ರಮವನ್ನೇ ಪ್ರಶ್ನೆಯ ಭಾಷೆಗೂ ಅನ್ವಯಿಸಬಹುದು. ಪೀಣ್ಯದಲ್ಲೋ ಬೆಳಗಾವಿಯ ಫೌಂಡ್ರಿಗಳಲ್ಲೋ ರಾಮನಗರದ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲೋ ಒಂದು ಉಪಮಾದರಿಗೆ ‘ಆವಿಷ್ಕಾರ’ ಎಂದು, ಇನ್ನೊಂದಕ್ಕೆ ‘ಏನು ಬದಲಾಯಿಸಿದಿರಿ?’ ಎಂದು ಕೇಳಿ ನೋಡಲಿ; ಎರಡರ ನಡುವಿನ ಅಂತರವೇ ನಮ್ಮ ಅಳತೆಗೋಲಿನ ದೋಷ ಎಷ್ಟೆಂದು ತಿಳಿಸುತ್ತದೆ. ಕಂಪನಿಯಾಗಿ ನೋಂದಾಯಿಸಿಕೊಳ್ಳದ ಉದ್ಯಮಗಳ ವಾರ್ಷಿಕ ಸಮೀಕ್ಷೆ ಈಗಾಗಲೇ ಇಂಟರ್ನೆಟ್ ಬಳಕೆಯ ಬಗ್ಗೆ ಕೇಳುತ್ತಿದೆ. ಅದರ ಪಕ್ಕದಲ್ಲೇ ಮೂರು ಸಾಲು ಖಾಲಿ ಜಾಗ ಬಿಟ್ಟು, ಹಿಂದಿಗಿಂತ ಈಗ ಬೇರೆಯಾಗಿ ಮಾಡುತ್ತಿರುವ ಒಂದು ಕೆಲಸವನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಲು ಸಮೀಕ್ಷಕರಿಗೆ ಹೇಳಬಹುದು. ಆ ಮೂರು ಸಾಲಿಗಾಗಿ ಪ್ರತಿ ಉದ್ಯಮದಲ್ಲಿ ಹತ್ತು ನಿಮಿಷ ಹೆಚ್ಚು ಕೂರಬೇಕಾಗುತ್ತದೆ, ದಿನದ ಷೆಡ್ಯೂಲುಗಳ ಗುರಿಯನ್ನು ತಗ್ಗಿಸಬೇಕಾಗುತ್ತದೆ, ಗುತ್ತಿಗೆಯ ಸಮೀಕ್ಷಕರಿಗೆ ಷೆಡ್ಯೂಲಿನ ಲೆಕ್ಕದಲ್ಲಲ್ಲದೆ ದಿನದ ಲೆಕ್ಕದಲ್ಲಿ ಸಂಬಳ ಕೊಡಬೇಕಾಗುತ್ತದೆ.