ಪುಟ್ಟಿಯ ಬೆನ್ನು, ರಾಜನ ಬೆನ್ನು

ಮ್ಯೂನಿಕ್‌ನ ನಮ್ಮ ಮನೆಯಲ್ಲಿ ಪುಟ್ಟಿ ಎಂಬ ಡ್ಯಾಶ್‌ಹಂಡ್ ಇದ್ದಾಳೆ, ಉದ್ದ ಮೈ, ಗಿಡ್ಡ ಕಾಲಿನ ನಾಯಿ. ಮೈಸೂರಿನಲ್ಲಿ ತಮ್ಮನ ಮನೆಯಲ್ಲಿ ಅದೇ ಜಾತಿಯ ರಾಜ ಇದ್ದಾನೆ. ಇಬ್ಬರಿಗೂ ಬೆನ್ನಿನ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಯ ತೊಂದರೆ, ಇಬ್ಬರಿಗೂ ಅದು ಜೀವನಪೂರ್ತಿ ಇರುವಂಥದ್ದು. ಎರಡು ಊರುಗಳಲ್ಲಿ ಅವರನ್ನು ನೋಡಿಕೊಳ್ಳುವ ರೀತಿ ಬೇರೆ ಬೇರೆ. ಎರಡನ್ನೂ ಹತ್ತಿರದಿಂದ ನೋಡಿದ ಮೇಲೆ ನನಗೊಂದು ಗಟ್ಟಿ ಅಭಿಪ್ರಾಯ ಮೂಡಿದೆ.

ಈ ಜಾತಿಯ ಕಾಲನ್ನು ಗಿಡ್ಡವಾಗಿಸುವ ವಂಶವಾಹಿಯೇ ಬೆನ್ನಿನ ಡಿಸ್ಕನ್ನೂ ಚಿಕ್ಕ ವಯಸ್ಸಿನಲ್ಲೇ ಒಣಗಿಸುತ್ತದೆ. ಒಳಗಿನ ಮೆತ್ತನೆಯ ತಿರುಳು ಗಟ್ಟಿಯಾಗಿ ಸುಣ್ಣಗಟ್ಟುತ್ತದೆ. ಒಂದು ದಿನ ಸೋಫಾದಿಂದ ಜಿಗಿದಾಗ ಅದು ಹೊರಚಿಮ್ಮಿ ಬೆನ್ನುಹುರಿಯನ್ನು ಒತ್ತುತ್ತದೆ. ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ಜಾಗದಲ್ಲೇ ಇದು ಹೆಚ್ಚು. ನಾಲ್ಕೈದು ಡ್ಯಾಶ್‌ಹಂಡ್‌ಗಳಲ್ಲಿ ಒಂದಕ್ಕಾದರೂ ಆಯುಷ್ಯದಲ್ಲೊಮ್ಮೆ ಈ ಕಾಟ ತಪ್ಪಿದ್ದಲ್ಲ. ಜರ್ಮನಿಯಲ್ಲಿ ಇದು ಎಷ್ಟು ಪರಿಚಿತವೆಂದರೆ, ಪಾರ್ಕಿನಲ್ಲಿ ಸಿಗುವ ಅಜ್ಜಿಯರೂ ಪುಟ್ಟಿಯ ನಡಿಗೆ ನೋಡಿಯೇ ಬೆನ್ನು ಹೇಗಿದೆ ಎಂದು ಕೇಳುತ್ತಾರೆ.

ಪುಟ್ಟಿ ಹಿಂಗಾಲು ಎಳೆಯತೊಡಗಿದಾಗ ಇಲ್ಲಿನ ಪಶುವೈದ್ಯೆ ಮೊದಲು ಔಷಧದ ಬಾಟಲಿ ಮುಟ್ಟಲಿಲ್ಲ. ಪಾದದ ಮೇಲ್ಭಾಗ ನೆಲಕ್ಕೆ ತಾಗುವಂತೆ ಮಡಚಿಟ್ಟು, ತಾನೇ ಸರಿಮಾಡಿಕೊಳ್ಳುತ್ತಾಳೋ ಎಂದು ನೋಡಿದರು. ಬೆರಳಿನ ಮೂಳೆಯನ್ನು ಗಟ್ಟಿಯಾಗಿ ಚಿವುಟಿ, ಅವಳು ತಿರುಗಿ ನೋಡುತ್ತಾಳೋ ಎಂದು ಕಾದರು. ಕಾಲು ಸೆಳೆದುಕೊಂಡರೆ ಸಾಲದು, ನೋವು ಮೆದುಳಿಗೆ ಮುಟ್ಟಿರಬೇಕು. ಮುಟ್ಟಿತ್ತು. ಆಮೇಲೆ ನೋವಿನ ಔಷಧ, ಜೊತೆಗೆ ಕನಿಷ್ಠ 4 ವಾರ ಬೇಲಿ ಹಾಕಿದ ಪುಟ್ಟ ಜಾಗದಲ್ಲಿ ಕಟ್ಟುನಿಟ್ಟಿನ ವಿಶ್ರಾಂತಿ. ಮೂತ್ರಕ್ಕೂ ಎತ್ತಿಕೊಂಡೇ ಹೋಗಬೇಕು. ನೋವು ಇಳಿದ ಮೇಲೆ ಅಕ್ಯುಪಂಕ್ಚರ್ ಶುರುವಾಯಿತು. ಬೆನ್ನುಮೂಳೆಯ ಎರಡೂ ಬದಿ, ಮಂಡಿಯ ಹಿಂದೆ ಕೂದಲೆಳೆಯಂಥ ಸೂಜಿಗಳು, ಕೆಲವಕ್ಕೆ ಸಣ್ಣ ವಿದ್ಯುತ್ತಿನ ತಂತಿ. ಪುಟ್ಟಿ ಅಲ್ಲೇ ನಿದ್ದೆ ಹೋಗುತ್ತಾಳೆ. ನಂತರ ನೀರೊಳಗಿನ ಟ್ರೆಡ್‌ಮಿಲ್: ಎದೆಮಟ್ಟದ ಬೆಚ್ಚಗಿನ ನೀರು ಮೈಭಾರ ಹೊರುವುದರಿಂದ ಸೋತ ಕಾಲಿಗೂ ಹೆಜ್ಜೆ ಇಡುವ ಧೈರ್ಯ ಬರುತ್ತದೆ.

ಅಕ್ಯುಪಂಕ್ಚರ್‌ಗೆ ವೈಜ್ಞಾನಿಕ ಪುರಾವೆ ಇನ್ನೂ ತೆಳು. ಮಾಮೂಲಿ ಚಿಕಿತ್ಸೆಯ ಜೊತೆ ಕೊಟ್ಟಾಗ ನೋವು ಬೇಗ ಇಳಿದದ್ದನ್ನು, ನಡಿಗೆ ಬೇಗ ಮರಳಿದ್ದನ್ನು ಕೆಲವು ಸಣ್ಣ ಅಧ್ಯಯನಗಳು ತೋರಿಸಿವೆ, ಅಷ್ಟೇ. ಆದರೂ ನಾನು ಒಪ್ಪಿದ್ದಕ್ಕೆ ಕಾರಣವಿದೆ. ಸೂಜಿ ಹಾಕುವವರು ಪಶುವೈದ್ಯಕೀಯ ಓದಿದವರು, ಎಂಆರ್‌ಐ ಚಿತ್ರ ನೋಡಿ ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂದು ಹೇಳಬಲ್ಲವರು.

ಈ ದೇಶದಲ್ಲಿ ಇನ್ನೊಂದು ಬಗೆಯೂ ಉಂಟು. ಪ್ರಾಣಿಗಳ ಪ್ರಕೃತಿ ಚಿಕಿತ್ಸಕ ಎಂದು ಫಲಕ ಹಾಕಿಕೊಳ್ಳಲು ಜರ್ಮನಿಯಲ್ಲಿ ಯಾವ ಸರಕಾರಿ ಪರೀಕ್ಷೆಯನ್ನೂ ಪಾಸು ಮಾಡಬೇಕಿಲ್ಲ. ಪಾರ್ಶ್ವವಾಯು ಬಡಿದಂತೆ ಹಿಂಗಾಲು ಬಿದ್ದ ನಾಯಿಗೆ ಸಕ್ಕರೆ ಗುಳಿಗೆ ಕೊಟ್ಟು ವಾರ ಕಾಯುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಚಿವುಟಿದ್ದು ತಿಳಿಯುವ ಹಂತದಲ್ಲೇ ಶಸ್ತ್ರಚಿಕಿತ್ಸೆ ಆದರೆ ಬಹುಪಾಲು ನಾಯಿಗಳು ಮತ್ತೆ ನಡೆಯುತ್ತವೆ. ಅದೂ ತಿಳಿಯದಾದ ಮೇಲೆ ಆ ಭಾಗ್ಯ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮಾತ್ರ. ಅಲ್ಲಿ ಪ್ರತಿ ಗಂಟೆಗೂ ಬೆಲೆಯಿದೆ.

ಮೈಸೂರಿನ ಕಥೆ ಬೇರೆ. ರಾಜ ಬೆನ್ನು ಗೂನು ಮಾಡಿಕೊಂಡು ನಡುಗುತ್ತಿದ್ದಾಗ ತಮ್ಮ ಅವನನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದ. ಒಂದು ಸ್ಟಿರಾಯ್ಡ್ ಇಂಜೆಕ್ಷನ್, ಒಂದು ಬಿ12 ವಿಟಮಿನ್ನಿನದು. ಮರುದಿನ ಫೋನಿನಲ್ಲಿ, "ಅಣ್ಣಾ, ಇಂಜೆಕ್ಷನ್ ಕೊಟ್ಟಿದ್ದೇ ತಡ, ದಿವಾನ ಹತ್ತಿ ಕೂತಿದಾನೆ ನೋಡು" ಎಂದು ಸಂಭ್ರಮಪಟ್ಟ. ನನಗೆ ಎದೆ ಧಸಕ್ಕೆಂದಿತು. ನೋವು ಮಾಯವಾದ ನಾಯಿ ಹಾರುತ್ತದೆ, ಆದರೆ ಸೀಳಿದ ಡಿಸ್ಕ್ ಇನ್ನೂ ಕೂಡಿಕೊಂಡಿರುವುದಿಲ್ಲ. ಉಳಿದ ತಿರುಳು ಹೊರಬರುವುದು ಅಂಥ ಹೊತ್ತಿನಲ್ಲೇ. ಇದರ ಮೇಲೆ ಮನೆಯವರು ಮೆಡಿಕಲ್ ಶಾಪಿನಿಂದ ಮನುಷ್ಯರ ನೋವಿನ ಮಾತ್ರೆ ತಂದು ಹಾಕಿದರಂತೂ ಕೆಟ್ಟಿತು. ಸ್ಟಿರಾಯ್ಡ್ ಜೊತೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಸೇರಿದರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು. ದೂರು ಡಾಕ್ಟರ ಮೇಲಲ್ಲ. ಹಸು, ಮೇಕೆ, ಬೆಕ್ಕು ಎಲ್ಲವನ್ನೂ ಒಬ್ಬರೇ ನೋಡುವ ಕಡೆ ವಿಶ್ರಾಂತಿಯ ಪಾಠ ಹೇಳಲು ಬಿಡುವೆಲ್ಲಿ? ನಾವೂ ಇಂಜೆಕ್ಷನ್ ಹಾಕದ ಡಾಕ್ಟರನ್ನು ಡಾಕ್ಟರೆಂದೇ ಎಣಿಸುವುದಿಲ್ಲ.

ಆದರೆ ದೀರ್ಘ ಕಾಯಿಲೆಯ ನಾಯಿಗೆ ಬೇಕಾದ ದೊಡ್ಡ ಸೌಕರ್ಯ ಮೈಸೂರಿನ ಮನೆಯಲ್ಲಿದೆ: ಹಗಲೆಲ್ಲ ಮನೆಯಲ್ಲಿರುವ ಅಮ್ಮ. ಇಲ್ಲಿ ನಾವಿಬ್ಬರೂ ಕೆಲಸಕ್ಕೆ ಹೋದರೆ ಪುಟ್ಟಿಗೆ ಸಂಬಳದ ಆಳು ಬೇಕು. ಅಲ್ಲಿ ಅಮ್ಮ ಸೊಪ್ಪು ಬಿಡಿಸುತ್ತ ರಾಜನ ಬೇಲಿಯ ಪಕ್ಕದಲ್ಲೇ ಕೂರುತ್ತಾರೆ, ಅವನು ಕೂಗುವುದೂ ಇಲ್ಲ. ಅವರ ಕೈಗೆ ನೀವುವುದೂ ಗೊತ್ತು. ಕರ್ಪೂರ, ನೀಲಗಿರಿ ಬೆರೆತ ನೋವಿನೆಣ್ಣೆ ಮಾತ್ರ ಬೇಡವೆಂದೆ, ನಾಯಿ ನೆಕ್ಕಿದರೆ ಅದು ವಿಷ. ಬರಿಗೈಯಲ್ಲಿ ತೊಡೆಯ ಸ್ನಾಯುಗಳನ್ನು ಮೆಲ್ಲಗೆ ನೀವಲಿ, ಬೆನ್ನುಮೂಳೆಯನ್ನು ಒತ್ತುವುದು ಬೇಡ.

ನನ್ನ ಲೆಕ್ಕದಲ್ಲಿ ಸಮಗ್ರ ಚಿಕಿತ್ಸೆ ಅಂದರೆ ಮೊದಲು ಮನೆಯ ನೆಲ. ನಮ್ಮೂರಿನ ಹೊಸ ಮನೆಗಳ ನುಣುಪು ಗ್ರಾನೈಟು, ವಿಟ್ರಿಫೈಡ್ ಟೈಲ್ಸು ಈ ನಾಯಿಗಳಿಗೆ ಶತ್ರು. ಪ್ರತಿ ಜಾರಿಕೆಗೂ ಸೊಂಟ ತಿರುಚುತ್ತದೆ. ನಾಯಿ ಓಡಾಡುವ ದಾರಿಯುದ್ದಕ್ಕೂ ಅಡಿಯಲ್ಲಿ ರಬ್ಬರಿರುವ ಮ್ಯಾಟು ಹಾಸಿ, ಉಗುರು ಕತ್ತರಿಸಿ. ಕೊರಳಪಟ್ಟಿ ಬಿಟ್ಟು ಎದೆಗೆ ಹಾಕುವ ಹಾರ್ನೆಸ್ ತನ್ನಿ. ಎತ್ತುವಾಗ ಒಂದು ಕೈ ಎದೆಗೆ, ಒಂದು ಕೈ ಹಿಂಭಾಗಕ್ಕೆ. ತೂಕದ ವಿಷಯದಲ್ಲಿ ದಾಕ್ಷಿಣ್ಯ ಬೇಡ: ಕಾಫಿ ಹೊತ್ತಿಗೆ ಮನೆಮಂದಿಯೆಲ್ಲ ಒಂದೊಂದು ಬಿಸ್ಕತ್ತು ಹಾಕಿದರೆ ಆ ಭಾರ ಹೊರುವುದು ಅದೇ ಕೆಟ್ಟ ಬೆನ್ನು. ಸವರಿದರೆ ಪಕ್ಕೆಲುಬು ಕೈಗೆ ಸಿಗಬೇಕು. ಅರಿಶಿನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೊಟ್ಟೆಗೆ ಹೋದದ್ದರಲ್ಲಿ ರಕ್ತಕ್ಕೆ ಸೇರುವುದು ಅತಿ ಕಡಿಮೆ, ಅದನ್ನೇ ನಂಬಿ ಕೂರಬೇಡಿ.

ಜರ್ಮನಿಯ ದಾರಿ ಅಗ್ಗದ್ದಲ್ಲ. ಪಶುವೈದ್ಯರ ಶುಲ್ಕವನ್ನು ಇಲ್ಲಿ ಕಾನೂನೇ ಗೊತ್ತುಮಾಡಿದೆ, 2022ರ ನವೆಂಬರಿನಲ್ಲಿ ಅದನ್ನು ಏರಿಸಿತು ಕೂಡ. ಎಂಆರ್‌ಐ, ಶಸ್ತ್ರಚಿಕಿತ್ಸೆ ಸೇರಿದರೆ ಸಾವಿರಾರು ಯೂರೋ, ವಿಮೆ ಇಲ್ಲದವರು ಸಾಲ ಮಾಡುತ್ತಾರೆ. ಮೈಸೂರಿಗೆ ಇದನ್ನೆಲ್ಲ ಹೊತ್ತುತರಬೇಕೆಂದು ನಾನು ಹೇಳುತ್ತಿಲ್ಲ. ಮ್ಯಾಟು, ಬೇಲಿ, ತೂಕ, ಅಮ್ಮನ ಕೈ, ಇವಕ್ಕೆ ಯೂರೋ ಬೇಕಿಲ್ಲ. ಆದರೆ ಹೆಬ್ಬಾಳದಲ್ಲೂ ಶಿವಮೊಗ್ಗದಲ್ಲೂ ಪಶುವೈದ್ಯಕೀಯ ಓದುವ ಹುಡುಗ ಹುಡುಗಿಯರಿಗೆ ಪುನಶ್ಚೇತನ ಚಿಕಿತ್ಸೆಯನ್ನೂ ಸೂಜಿ ಚಿಕಿತ್ಸೆಯನ್ನೂ ಗಂಭೀರವಾಗಿ ಕಲಿಸಬೇಕು. ಇಲ್ಲದಿದ್ದರೆ ಆ ಜಾಗಕ್ಕೆ ಓದದವರು ಬಂದು ಕೂರುತ್ತಾರೆ, ಜರ್ಮನಿಯಲ್ಲಿ ಕೂತ ಹಾಗೆ. ಅಲ್ಲಿಯವರೆಗೆ ತಮ್ಮನಿಗೆ ಹೇಳಿಟ್ಟಿದ್ದೇನೆ: ರಾಜನ ಹಿಂಗಾಲು ಪೂರ್ತಿ ಬಿದ್ದರೆ, ಮೂತ್ರ ಕಟ್ಟಿದರೆ, ಬೆಳಗಾಗಲಿ ಎನ್ನದೆ ಆ ರಾತ್ರಿಯೇ ಕಾರು ಹತ್ತಿಸಿ ಬೆಂಗಳೂರಿಗೆ ಹೊರಡು.