ಚಾಸಿ ಒಂದರದು, ಬಾಡಿ ಇನ್ನೊಂದರದು

ಲಂಡನ್ನಿನ ಹಳೆಯ ಆರ್‌ಟಿ ಮಾದರಿಯ ಡಬಲ್ ಡೆಕ್ಕರ್ ಬಸ್ಸೊಂದನ್ನು ತೋರಿಸಿ "ಇದು ಅಸಲಿಯೇ?" ಎಂದು ಕೇಳಿದರೆ ಬಲ್ಲವರು ತಟ್ಟನೆ ಹೌದು ಎನ್ನುವುದಿಲ್ಲ. ಕಾರಣ ಆಲ್ಡನ್‌ಹ್ಯಾಮ್. ಲಂಡನ್ನಿನ ಉತ್ತರಕ್ಕಿದ್ದ ಈ ಕಾರ್ಯಾಗಾರ 1986ರಲ್ಲಿ ಮುಚ್ಚಿತು. ಅಲ್ಲಿಗೆ ಓವರ್‌ಹಾಲಿಗೆ ಬಂದ ಬಸ್ಸಿನ ಬಾಡಿಯನ್ನು ಚಾಸಿಯಿಂದ, ಅಂದರೆ ಎಂಜಿನ್ನು, ಗಾಲಿ ಹೊತ್ತ ಅಡಿಯ ಚೌಕಟ್ಟಿನಿಂದ ಎತ್ತಿ, ಪಕ್ಕಕ್ಕೆ ವಾಲಿಸಿ ಅಡಿಯ ಕೊಳೆ ತೊಳೆಯುತ್ತಿದ್ದರು. ಚಾಸಿ ಒಂದು ಸಾಲಿಗೆ, ಬಾಡಿ ಇನ್ನೊಂದು ಸಾಲಿಗೆ. ಚಾಸಿಯ ಕೆಲಸ ಬೇಗ ಮುಗಿಯುತ್ತಿತ್ತು, ಬಾಡಿಯದು ತಡ. ಆ ಚಾಸಿಯದೇ ಬಾಡಿ ಸಿದ್ಧವಾಗಲೆಂದು ಕಾಯದೆ, ತಯಾರಿದ್ದ ಬೇರೊಂದು ಬಾಡಿಯನ್ನು ಕೂರಿಸಿ ರಸ್ತೆಗೆ ಬಿಡುತ್ತಿದ್ದರು. 1954ರಿಂದ 1968ರ ತನಕ ತಯಾರಾದ, ಲಂಡನ್ನಿನದೇ ಇನ್ನೊಂದು ಡಬಲ್ ಡೆಕ್ಕರ್ ಮಾದರಿಯಾದ 2,876 ರೂಟ್‌ಮಾಸ್ಟರ್‌ಗಳದೂ ಇದೇ ಕಥೆ. ಅವಕ್ಕೆ ಪ್ರತ್ಯೇಕ ಚಾಸಿಯೇ ಇಲ್ಲ. ಅಲ್ಯೂಮಿನಿಯಂ ಬಾಡಿಯೇ ಭಾರ ಹೊರುತ್ತದೆ, ಎಂಜಿನ್ನಿಗೆ ಮುಂದೊಂದು ಉಕ್ಕಿನ ಫ್ರೇಮು, ಆಕ್ಸಲ್ಲಿಗೆ ಹಿಂದೊಂದು. ಆ ಫ್ರೇಮುಗಳೂ ಬಸ್ಸಿನಿಂದ ಬಸ್ಸಿಗೆ ಹೋದವು.

ನಮ್ಮವರು ಇಲ್ಲಿಂದ ಕಲಿಯಬೇಕಾದ್ದು ಇದನ್ನೇ ಎಂದು ನನಗನಿಸುತ್ತದೆ. ಬಸ್ಸು ಉಳಿಯುವುದು ಅದರ ರಿಪೇರಿ ವಿದ್ಯೆ ಉಳಿದರೆ. ಇದು ನಮಗೆ ಹೊಸದೂ ಅಲ್ಲ. ನಮ್ಮ ಊರುಗಳ ತೇರಿಗೆ ಗಾಲಿ ಬದಲಾಗಿದೆ, ಅಚ್ಚು ಬದಲಾಗಿದೆ, ಆದರೂ ಅದು ಅದೇ ತೇರು, ಎಳೆಯುವುದು ನಿಂತಿಲ್ಲ. ಬಸ್ಸಿಗೆ ಮಾತ್ರ ಆಯುಧಪೂಜೆಯ ದಿನ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಕೊನೆಗೆ ಗುಜರಿಗೆ ಕೊಟ್ಟುಬಿಡುತ್ತೇವೆ. ಬೆಂಗಳೂರಿನ ಬಿಟಿಎಸ್ ಡಬಲ್ ಡೆಕ್ಕರ್‌ಗಳು ರಸ್ತೆಯಿಂದ ಮಾಯವಾದದ್ದು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಕಾನೂನಿನದೂ ಪಾಲಿದೆ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ವ್ಯಾಪಾರಕ್ಕೆ ಬಳಸದ ವಾಹನಕ್ಕೆ ರಸ್ತೆ ತೆರಿಗೆ ಇಲ್ಲ. 30 ವರ್ಷ ದಾಟಿದ ಬಸ್ಸನ್ನು, ಎಂಟಕ್ಕಿಂತ ಹೆಚ್ಚು ಜನರನ್ನು ಹತ್ತಿಸದೆ, ಬಾಡಿಗೆ ಪಡೆಯದೆ, ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು. ಹಾಗಾಗಿ ಹವ್ಯಾಸಿಗಳೇ ಇವನ್ನು ಉಳಿಸಿಕೊಂಡಿದ್ದಾರೆ. ಭಾರತದ 2021ರ ವಿಂಟೇಜ್ ನಿಯಮ 50 ವರ್ಷ ದಾಟಿದ ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ ಮಾತ್ರ, ಅವೂ ಮೂಲ ರೂಪದಲ್ಲೇ ಇರಬೇಕು. ಬಸ್ಸಿಗೆ ಅಲ್ಲಿ ಜಾಗವಿಲ್ಲ. ಮೇಲಾಗಿ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣವಾಗುವುದಿಲ್ಲ.

ರಿಪೇರಿ ವಿದ್ಯೆ ಎಂದೆನಲ್ಲ, ಮರದ ಚೌಕಟ್ಟಿನ ಬಾಡಿಯನ್ನೇ ನೋಡಿ. ಹೊರಗಿನ ಪ್ಯಾನೆಲ್ ಥಳಥಳ ಹೊಳೆಯುತ್ತಿರುತ್ತದೆ, ಒಳಗೆ ಆ್ಯಶ್ ಮರದ ಕಂಬ ಬುಡದಲ್ಲಿ ಕೊಳೆತಿರುತ್ತದೆ. ಕಿಟಕಿಯ ರಬ್ಬರ್ ಒಣಗಿ ಬಿರುಕು ಬಿಟ್ಟಲ್ಲಿ ಇಳಿದ ಮಳೆನೀರು ಕಂಬದ ಬುಡದಲ್ಲಿ ನಿಲ್ಲುವುದೇ ಇದಕ್ಕೆ ಕಾರಣ. ದಬ್ಬಣದಿಂದ ಚುಚ್ಚಿದರೆ ಗೊತ್ತಾಗುತ್ತದೆ: ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ರಸ್ಕಿನಂತೆ ಒಳಗೆ ಬಿಡುತ್ತದೆ. ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ದಪ್ಪದ ಎಂಟು ಪಟ್ಟು ಉದ್ದದ ಓರೆ ಜೋಡಣೆಯಲ್ಲಿ ಹೊಸ ಮರ ಬೆಸೆಯಬೇಕು. ಒಮ್ಮೆಗೆ ಒಂದೇ ಕಂಬ, ಅದೂ ಮೇಲ್ಭಾಗಕ್ಕೆ ಆಸರೆ ಕೊಟ್ಟ ಮೇಲೆ. ಅವಸರಕ್ಕೆ ಎರಡು ಬಿಚ್ಚಿದರೆ ಮೇಲಿನ ಅಂತಸ್ತು ಕುಗ್ಗಿ, ಕಿಟಕಿಯ ಚೌಕ ಓರೆಯಾಗುತ್ತದೆ, ಆಮೇಲೆ ಯಾವ ಗಾಜೂ ಕೂರುವುದಿಲ್ಲ. ಉಕ್ಕಿನ ಸ್ಕ್ರೂವನ್ನು ಅಲ್ಯೂಮಿನಿಯಂ ಹಾಳೆಗೆ ನೇರ ಬಿಗಿಯಲೂಬಾರದು. ತೇವ ಸೇರಿದರೆ ಸ್ಕ್ರೂವಿನ ಸುತ್ತ ಹಾಳೆ ಬಿಳಿ ಪುಡಿಯಾಗುತ್ತದೆ. ನಡುವೆ ತಡೆಯುವ ಪೇಸ್ಟ್ ಹಚ್ಚಬೇಕು.

ಇನ್ನು ಬ್ರಿಟನ್ನಿನ ಡೈಮ್ಲರ್ ಸಿವಿಜಿ6ರಂಥ ಹಳೆಯ ಬಸ್ಸಿನ ಪ್ರಿಸೆಲೆಕ್ಟರ್ ಗೇರ್. ಲಿವರ್ ಮುಂದಿನ ಗೇರನ್ನು ಆರಿಸುತ್ತದೆ ಅಷ್ಟೆ. ಪೆಡಲ್ ಪೂರ್ತಿ ತುಳಿದು ಬಿಟ್ಟಾಗಲೇ ಅದು ಬೀಳುತ್ತದೆ. ಕ್ಲಚ್ ಎಂದು ಭಾವಿಸಿ ಅರ್ಧ ತುಳಿದರೆ ಒಳಗಿನ ಬಲವಾದ ಸ್ಪ್ರಿಂಗ್ ಪೆಡಲನ್ನು ಕಾಲಿಗೇ ಒದೆಯುತ್ತದೆ. ಸರಿಯಾಗಿ ತುಳಿದರೂ ಒದ್ದರೆ ಗೇರಿನ ಬ್ರೇಕ್ ಪಟ್ಟಿ ಸವೆದಿದೆ ಅಥವಾ ಅಡ್ಜಸ್ಟರ್ ಕೆಲಸ ಮಾಡುತ್ತಿಲ್ಲ. ಎಂಜಿನ್ ಚಾಲೂ ಇರುವಾಗ ಗೇರಿನಲ್ಲೇ ಬಿಟ್ಟು ಬಹಳ ಹೊತ್ತು ನಿಲ್ಲಿಸಿದರೆ, ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರಿಗೆ ದಾಟಿಸುವ ಫ್ಲುಯಿಡ್ ಫ್ಲೈವೀಲ್ ಬಿಸಿಯಾಗಿ, ಅದರ ಗ್ಲ್ಯಾಂಡಿನಿಂದ, ಅಂದರೆ ಸೀಲಿನಿಂದ, ಎಣ್ಣೆ ಸೋರುತ್ತದೆ. ಇದನ್ನು ಪುಸ್ತಕದಿಂದ ಕಲಿಯುವುದು ಕಷ್ಟ, ಓಡುವ ಬಸ್ಸೇ ಬೇಕು. ವೇಬ್ರಿಡ್ಜ್ ಬಳಿಯ ಬ್ರೂಕ್‌ಲ್ಯಾಂಡ್ಸ್‌ನ ಲಂಡನ್ ಬಸ್ ಮ್ಯೂಸಿಯಂ ಬಸ್ಸುಗಳನ್ನು ಓಡುವ ಸ್ಥಿತಿಯಲ್ಲಿಡುವುದು ನನಗೆ ಅದಕ್ಕೇ ಮೆಚ್ಚು.

ನಮ್ಮಲ್ಲಿ ಕೈಗಳಿಗೆ ಕೊರತೆಯಿಲ್ಲ. ಕೆಎಸ್‌ಆರ್‌ಟಿಸಿಯ ಕೆಂಗೇರಿ, ಹಾಸನದ ಕಾರ್ಯಾಗಾರಗಳು ಹಳೆಯ ಬಸ್ಸನ್ನು ಹೊಸದಾಗಿಸಬಲ್ಲವು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ಸಾರಿಗೆ ಶುರುವಾದದ್ದು 120 ಬಸ್ಸುಗಳಿಂದ. ಆ ಪರಂಪರೆಯ ಪ್ರತಿ ತಲೆಮಾರಿನಿಂದ ಒಂದಲ್ಲ, ಎರಡು ಬಸ್ಸು ಎತ್ತಿಡಬೇಕು, ಒಂದು ಓಡಿಸಲು, ಇನ್ನೊಂದು ಬಿಡಿಭಾಗಕ್ಕೆ. ಹರಾಜಿಗೆ ಹೋಗುವವುಗಳಿಂದಲೂ ಗೇರ್‌ಬಾಕ್ಸ್, ಇಂಜೆಕ್ಷನ್ ಪಂಪ್, ಸ್ಟೀರಿಂಗ್ ಬಾಕ್ಸ್, ಊರಿನ ಹೆಸರಿನ ಬೋರ್ಡು ಬಿಚ್ಚಿಕೊಳ್ಳಿ. ಬಿಚ್ಚುವ ದಿನ ನಿವೃತ್ತ ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಅವರು ಯಾವ ನಟ್ಟನ್ನು ಮೊದಲು ಸಡಿಲಿಸುತ್ತಾರೆ, ಏಕೆ ಎಂಬುದನ್ನು ವಿಡಿಯೊ ಮಾಡಿಕೊಳ್ಳಿ.